ಗಾರ್ಮೆಂಟ್ಸ್ ಹೊಸಬರ ಮೊದಲ ತಿಂಗಳು

ಕೇಳುಗರಿಗೆ ನಮಸ್ಕಾರ.

ಬೆಳಗ್ಗೆ ಎಂಟರ ಹೊತ್ತಿಗೆ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆ ಹೋದವರು ನೋಡಿರುತ್ತೀರಿ. ಊಟದ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೆಣ್ಣುಮಕ್ಕಳು ಸಾಲುಸಾಲಾಗಿ ಬಿರಬಿರನೆ ನಡೆಯುತ್ತಿರುತ್ತಾರೆ. ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದಲ್ಲೂ ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ. ಅವರಲ್ಲಿ ಯಾರೋ ಒಬ್ಬಳಿಗೆ ಅದು ಕೆಲಸದ ಮೊದಲ ದಿನ. ಹೀಗೆ ಹೊಸದಾಗಿ ಬಂದವರಿಗೆ ಹೊಲಿಗೆ ಕಲಿಸುವುದು ನನ್ನ ಕೆಲಸ. ಇವತ್ತು ಅವರ ಮೊದಲ ತಿಂಗಳ ಬಗ್ಗೆ ಮಾತಾಡುತ್ತೇನೆ.

"ಊರಲ್ಲಿ ಬ್ಲೌಸ್ ಹೊಲೀತಿದ್ದೆ, ನಂಗೆ ಮಷಿನ್ ಬರುತ್ತೆ ಮೇಡಂ" ಅಂತ ಹೇಳಿಕೊಂಡೇ ತುಂಬಾ ಜನ ಬರುತ್ತಾರೆ. ನಿಜವೇ. ಆದರೆ ಊರಿನದು ಕಾಲಲ್ಲಿ ತುಳಿಯುವ ಮಷಿನ್. ಇಲ್ಲಿನದು ಕರೆಂಟಿನದು. ನಿಮಿಷಕ್ಕೆ 4000, 5000 ಹೊಲಿಗೆ ಹಾಕುವ ಶಕ್ತಿ ಅದಕ್ಕಿದೆ. ಪೆಡಲ್ ಮೇಲೆ ಕಾಲಿಟ್ಟ ತಕ್ಷಣ ಬಟ್ಟೆ ಓಡಿಬಿಡುತ್ತದೆ, ಹುಡುಗಿ ಬೆಚ್ಚಿ ಕೈ ಎಳೆದುಕೊಳ್ಳುತ್ತಾಳೆ. ಅದಕ್ಕೇ ನಾವು ಮೊದಲು ಬಟ್ಟೆ ಕೊಡುವುದಿಲ್ಲ, ಗೆರೆ ಎಳೆದ ಕಾಗದ ಕೊಡುತ್ತೇವೆ. ಸೂಜಿಗೆ ದಾರ ಹಾಕುವುದಿಲ್ಲ. ಮೊದಲು ನೇರ ಗೆರೆ, ಆಮೇಲೆ ಚೌಕ, ಆಮೇಲೆ ಸುರುಳಿ. ಗೆರೆಯ ಮೇಲೇ ಸೂಜಿಯ ತೂತು ಬೀಳುತ್ತಾ ಹೋಗಬೇಕು. ಚೌಕದ ಮೂಲೆ ಬಂದಾಗ ಮಷಿನ್ ನಿಲ್ಲಿಸಿ, ಸೂಜಿ ಕಾಗದದಲ್ಲಿ ಚುಚ್ಚಿರುವಾಗಲೇ ಮೊಣಕಾಲಿನಿಂದ ಲಿವರ್ ತಳ್ಳಿ ಮಷಿನ್ನಿನ ಪಾದ (ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಎತ್ತಿ, ಕಾಗದ ತಿರುಗಿಸಬೇಕು. ಮೂಲೆಯಲ್ಲಿ ಸರಿಯಾಗಿ ನಿಲ್ಲಿಸಲು ಬಂತು ಅಂದರೆ ಮಷಿನ್ ಅವಳ ಮಾತು ಕೇಳುತ್ತಿದೆ ಅಂತಲೇ ಅರ್ಥ. ಇದನ್ನು ಅವಸರದಲ್ಲಿ ಮುಗಿಸಿ ಲೈನಿಗೆ ಕಳಿಸಿದರೆ ಭಯವೂ ಅವಳ ಜೊತೆಗೇ ಲೈನಿಗೆ ಹೋಗುತ್ತದೆ.

ಲೈನಿನಲ್ಲಿ ಒಬ್ಬರೇ ಪೂರ್ತಿ ಶರ್ಟ್ ಹೊಲಿಯುವುದಿಲ್ಲ. ಒಬ್ಬರು ಕಾಲರ್, ಒಬ್ಬರು ಕಫ್, ಇನ್ನೊಬ್ಬರು ತೋಳು ಕೂಡಿಸುತ್ತಾರೆ. ಹೊಸಬಳ ಕೈ ನಿಧಾನ, ಅವಳ ಮುಂದೆ ಹೊಲಿಯಬೇಕಾದ ಪೀಸ್‌ಗಳ ಬಂಡಲ್ ರಾಶಿ ಬೀಳುತ್ತದೆ, ಅವಳ ಮುಂದಿನವರು ಪೀಸ್ ಇಲ್ಲದೆ ಸುಮ್ನೆ ಕೂರುತ್ತಾರೆ. ಗಂಟೆಗೆ ಇಷ್ಟು ಪೀಸ್ ಅಂತ ಸೂಪರ್‌ವೈಸರ್ ಲೆಕ್ಕ ಕೊಡಬೇಕು. ಕೂಗಾಟ ಶುರುವಾಗುತ್ತದೆ. ಅವರ ಮೇಲಿನ ಒತ್ತಡವೂ ನನಗೆ ಗೊತ್ತು. ಆದರೂ ಹೇಳುತ್ತೇನೆ, ಮೊದಲ ಕೆಲವು ವಾರ ಹೊಸಬರನ್ನು ಲೈನಿನ ಟಾರ್ಗೆಟ್‌ನಲ್ಲಿ ಲೆಕ್ಕ ಹಿಡಿಯಬಾರದು. ಇದು ಸೂಪರ್‌ವೈಸರ್ ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಬೇಕು.

ಸೂಜಿಯ ವಿಷಯ ನೋಡಿ. ಗಾರ್ಮೆಂಟ್ಸ್‌ನಲ್ಲಿ ಸೂಜಿ ಮುರಿದರೆ ಎಲ್ಲ ಚೂರನ್ನೂ ಹುಡುಕಿ ಕೊಡಬೇಕು, ಅದನ್ನು ರಿಜಿಸ್ಟರಿನಲ್ಲಿ ಅಂಟಿಸಬೇಕು, ಆಮೇಲೇ ಹೊಸ ಸೂಜಿ. ಒಂದು ಚೂರು ಬಟ್ಟೆಯಲ್ಲಿ ಉಳಿದರೂ ತೊಡುವವರಿಗೆ, ಅದೂ ಮಗುವಾದರೆ, ಚುಚ್ಚುತ್ತದಲ್ವಾ? ಈ ಕಾರಣವನ್ನು ಹೊಸಬಳಿಗೆ ಯಾರೂ ಹೇಳಿರುವುದಿಲ್ಲ. ಸಂಬಳ ಹಿಡಿಯುತ್ತಾರೇನೋ ಅಂದುಕೊಂಡು ಅವಳು ಚೂರನ್ನು ಮುಚ್ಚಿಡುತ್ತಾಳೆ. "ಸೂಜಿ ಮುರಿಯೋದು ಮಾಮೂಲು ಕಣಮ್ಮ, ಮುರಿದ ತಕ್ಷಣ ಕೈ ಎತ್ತು" ಅಂತ ಮೊದಲ ದಿನವೇ ಹೇಳಿದರೆ ಆಯ್ತು.

ಇನ್ನೊಂದು ವಿಷಯ ಹೇಳಲೇಬೇಕು. ಹೊಸ ಹುಡುಗಿಯರು ನೀರು ಕುಡಿಯುವುದಿಲ್ಲ. ಕುಡಿದರೆ ಟಾಯ್ಲೆಟ್‌ಗೆ ಏಳಬೇಕು, ಏಳಲು ಯಾರನ್ನು ಕೇಳಬೇಕೋ ಗೊತ್ತಿಲ್ಲ, ಕೇಳಿದರೆ ಬೈತಾರೇನೋ ಅನ್ನುವ ಹೆದರಿಕೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಉರಿಮೂತ್ರ. ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ನಲ್ಲಿರುವ ಮಕ್ಕಳಿಗೆ ಇಲ್ಲಿನ ಮಾತೂ ಬರುವುದಿಲ್ಲ, ಅವರ ಕಷ್ಟ ಇನ್ನೂ ಜಾಸ್ತಿ.

ಅದಕ್ಕೇ ಹೊಸಬರಿಗೆ ಅದೇ ಲೈನಿನಿಂದ ಒಬ್ಬ ಅಕ್ಕನನ್ನು ಜೊತೆ ಮಾಡಿ. ಹೆಸರು ಹಿಡಿದು ಮಾಡಿ: "ಒಂದು ತಿಂಗಳು ಇವಳು ನಿಮ್ಮ ಜವಾಬ್ದಾರಿ." ಟಾಯ್ಲೆಟ್ ತೋರಿಸುವುದು, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು, ತಪ್ಪು ಹೊಲಿಗೆಯ ಪೀಸ್ ವಾಪಸ್ ಬಂದಾಗ "ಆಲ್ಟರ್ ಬಂದ್ರೆ ಅಳಬೇಡ, ಹೀಗೆ ಬಿಚ್ಚು" ಅಂತ ತೋರಿಸಿಕೊಡುವುದು ಅವರ ಕೆಲಸ. ಅವಳ ಭಾಷೆ ಬರುವ ಅಕ್ಕ ಸಿಕ್ಕರಂತೂ ಬಹಳ ಒಳ್ಳೆಯದು. ಆದರೆ ಆ ಅಕ್ಕನ ಟಾರ್ಗೆಟ್ಟನ್ನೂ ಇಳಿಸಿ. ತನ್ನ ಪೀಸ್ ಮುಗಿಸಲೇ ಪರದಾಡುವವಳು ಇನ್ನೊಬ್ಬಳ ಕಡೆ ತಿರುಗಿ ನೋಡುವುದು ಯಾವಾಗ?

ಯಾರಾದರೂ ಮೈಮುಟ್ಟಿದರೆ, ಕೆಟ್ಟ ಮಾತಾಡಿದರೆ ದೂರು ಕೊಡಲು 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಗೋಡೆಯ ಬೋರ್ಡ್ ತೋರಿಸಿದರೆ ಸಾಲದು. ಸಮಿತಿಯಲ್ಲಿರುವವರನ್ನು ಕರೆದು ಮುಖ ಪರಿಚಯ ಮಾಡಿಸಿ.

ಕೊನೆಗೆ ದುಡ್ಡಿನ ಮಾತು. ಮೊದಲ ಸಂಬಳದ ದಿನ ಹೊಸಬರು ಕೇಳುವುದು ಒಂದೇ: "ಇಷ್ಟು ಯಾಕೆ ಹಿಡಿದ್ರು?" ಮೂಲ ವೇತನ ಮತ್ತು ತುಟ್ಟಿಭತ್ಯೆಯ 12% ಪಿಎಫ್‌ಗೆ ಅಂದರೆ ಭವಿಷ್ಯ ನಿಧಿಗೆ, ಸಂಬಳದ 0.75% ಇಎಸ್‌ಐಗೆ ಅಂದರೆ ನೌಕರರ ರಾಜ್ಯ ವಿಮೆಗೆ ಹೋಗುತ್ತದೆ. ಕಂಪನಿಯೂ ತನ್ನ ಪಾಲು ಕಟ್ಟುತ್ತದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಗುತ್ತದೆ ಅಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಮಗಳ ಮದುವೆಗೆ, ಸಾಲಕ್ಕೆ, ಮನೆಗೆ ಇವರು ನಂಬಿರುವುದು ಆ ದುಡ್ಡನ್ನೇ.

ಆದ್ದರಿಂದ ಎಚ್‌ಆರ್‌ನವರು ಸಂಬಳದ ಚೀಟಿ ಕೈಗೆ ಕೊಟ್ಟು ಕಳಿಸಬೇಡಿ. ಕೂರಿಸಿಕೊಂಡು ಓದಿ ಹೇಳಿ. ಪಿಎಫ್‌ಗೆ ಕೊಡುವ ಯುಎಎನ್ ನಂಬರ್ ಜೀವನಕ್ಕೆ ಒಂದೇ, ಕಂಪನಿ ಬದಲಾಯಿಸಿದರೂ ಅದನ್ನೇ ಕೊಡಬೇಕು ಅಂತ ತಿಳಿಸಿ. ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯ ಹುಡುಗಿ ಈ ತಿಂಗಳು ಗಾರ್ಮೆಂಟ್ಸ್‌ಗೆ ಸೇರಿದ್ದರೆ, ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ತಾರೀಖು ಪಿಎಫ್‌ನಲ್ಲೂ ಹಾಗೇ ಇದೆಯಾ ಅಂತ ನೋಡಿ. ಒಂದು ಅಕ್ಷರ ತಪ್ಪಿದ್ದರೂ ಈಗಲೇ ಎಚ್‌ಆರ್‌ಗೆ ಹೇಳಿ ಸರಿ ಮಾಡಿಸಿಕೊಳ್ಳಿ. ಕೆಲಸ ಬಿಟ್ಟ ಮೇಲೆ ಹೋದರೆ ಅಲೆದಾಟ ತಪ್ಪುವುದಿಲ್ಲ.

ನಮಸ್ಕಾರ.