ಮುಚ್ಚಿದ ರೂಮಿನ ಗಾಳಿ: ಎಸಿ, ಕೂಲರ್, ಗೀಸರ್ ಬಗ್ಗೆ ಒಂದಿಷ್ಟು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ. ಶಿವರಾತ್ರಿ ಕಳೀತು ಅಂದ್ರೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅಂತಾರಲ್ಲ, ಆವತ್ತಿಂದ ಎಸಿ ಮೆಕ್ಯಾನಿಕ್‌ಗಳ ಫೋನಿಗೆ ಬಿಡುವೇ ಇರಲ್ಲ. ಫೋನ್ ಮಾಡೋರೆಲ್ಲ ಹೇಳೋದು ಒಂದೇ, ಕೂಲಿಂಗ್ ಬರ್ತಿಲ್ಲ, ಸ್ವಲ್ಪ ಬಂದು ನೋಡಿ ಅಂತ. ಆ ಎಸಿಯಿಂದ ಬರೋ ಗಾಳಿ ಉಸಿರಾಡೋಕೆ ಚೆನ್ನಾಗಿದ್ಯಾ, ಒಳಗಡೆ ಏನು ಕೂತಿದೆ, ಅದನ್ನ ಕೇಳೋರು ತೀರಾ ಕಮ್ಮಿ. ಎಸಿ ರಿಪೇರಿ ಕಲಿಯೋ ಹುಡುಗರಿಗೆ ಪಾಠ ಹೇಳೋನು ನಾನು, ನನಗೆ ಇದು ಬಹಳ ದಿನದಿಂದ ಮನಸ್ಸಲ್ಲಿರೋ ವಿಷಯ, ಹಾಗಾಗಿ ಇವತ್ತು ತಂಪಿನ ವಿಷಯ ಪಕ್ಕಕ್ಕಿಟ್ಟು ಗಾಳಿ ವಿಷಯ ಮಾತಾಡ್ತೀನಿ.

ಮೊದಲು ಒಂದು ವಿಷಯ ಸರಿಯಾಗಿ ತಿಳ್ಕೋಬೇಕು. ಮನೇಲಿರೋ ಸ್ಪ್ಲಿಟ್ ಎಸಿ ಹೊರಗಿನ ಗಾಳಿನ ಒಳಗೆ ತರೋದೇ ಇಲ್ಲ. ಹೊರಗೆ ಗೋಡೆ ಮೇಲೆ ಒಂದು ಡಬ್ಬ, ಒಳಗೆ ಒಂದು ಡಬ್ಬ ಇರತ್ತೆ, ಹೊರಗಿನದು ಗಾಳಿ ಎಳ್ಕೊಂಡು ಒಳಗೆ ಕಳಿಸುತ್ತೆ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ, ಆದ್ರೆ ಎರಡರ ಮಧ್ಯೆ ಓಡಾಡೋದು ತಾಮ್ರದ ಪೈಪಿನಲ್ಲಿರೋ ಗ್ಯಾಸ್ ಮಾತ್ರ. ರೂಮಿನ ಗಾಳಿನೇ ಒಳಗೆ ಎಳ್ಕೊಳ್ಳುತ್ತೆ, ತಣ್ಣಗೆ ಮಾಡುತ್ತೆ, ಅದೇ ರೂಮಿಗೆ ವಾಪಸ್ ಬಿಡುತ್ತೆ, ರಾತ್ರಿಯೆಲ್ಲ ಇದೇ. ಅಂದ್ರೆ ರೂಮಲ್ಲಿ ಏನಿದ್ಯೋ ಅದು ಅಲ್ಲೇ ಸುತ್ತುತ್ತೆ, ನಾವು ಬಿಟ್ಟ ಉಸಿರು, ಹಾಸಿಗೆ ಧೂಳು, ದೇವರ ಮುಂದೆ ಹಚ್ಚಿದ ಊದಿನಕಡ್ಡಿ ಹೊಗೆ, ಎಲ್ಲಾ. ಹೊರಗಿನ ಗಾಳೀಲಿ ಕಾರ್ಬನ್ ಡೈ ಆಕ್ಸೈಡ್ ಸುಮಾರು 420 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲು ಗಾಳೀಲಿ 420 ಪಾಲು ಇರತ್ತೆ, ಕಿಟಕಿ ಬಾಗಿಲು ಬಿಗಿಯಾಗಿ ಹಾಕಿರೋ ಚಿಕ್ಕ ಬೆಡ್‌ರೂಮಲ್ಲಿ ಇಬ್ಬರು ಮಲಗಿದ್ರೆ ಬೆಳಗಿನ ಹೊತ್ತಿಗೆ ಅದು 2000 ದಾಟೋದು ಅಪರೂಪ ಏನಲ್ಲ. ಎದ್ದಾಗ ತಲೆ ಭಾರ, ನಿದ್ದೆ ಆಗಿದೆ ಆದ್ರೂ ಆಗಿಲ್ಲ ಅನ್ನೋ ತರ ಇರೋದಕ್ಕೆ ಇದೂ ಒಂದು ಕಾರಣ ಆಗಿರಬಹುದು. ಪರಿಹಾರಕ್ಕೆ ದುಡ್ಡು ಬೇಕಾಗಿಲ್ಲ, ಮಲಗೋ ಮುಂಚೆ ಹತ್ತು ಹದಿನೈದು ನಿಮಿಷ ಎದುರುಬದುರು ಕಿಟಕಿ ತೆಗೆದಿಡಿ, ರಾತ್ರಿ ರೂಮಿನ ಬಾಗಿಲು ಎರಡು ಬೆರಳು ಸಂದಿ ಬಿಟ್ಟಿರಲಿ, ಕರೆಂಟ್ ಸ್ವಲ್ಪ ಜಾಸ್ತಿ ಹೋಗುತ್ತೆ, ಹೋಗಲಿ. ಮುಖ್ಯ ರಸ್ತೆ ಕಡೆ ಕಿಟಕಿ ಇರೋರು ಆ ಕಡೇದು ಬಿಟ್ಟು ಹಿಂದಿನ ಕಡೇದು ತೆಗೀರಿ.

ಆಮೇಲೆ ಇನ್ನೊಂದು, ಎಸಿ ಹಾಕಿರೋ ರೂಮಲ್ಲಿ ದಯವಿಟ್ಟು ಸೊಳ್ಳೆ ಬತ್ತಿ ಹಚ್ಚಬೇಡಿ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದ್ರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣಗಳು ಬರುತ್ತೆ ಅಂತ ಲೆಕ್ಕ ಸಿಕ್ಕಿತ್ತು. ಅದನ್ನ ಮುಚ್ಚಿದ ರೂಮಲ್ಲಿ, ಮಗು ಮಲಗಿರೋ ಮಂಚದ ಕೆಳಗೆ ಇಡ್ತೀವಿ. ಸೊಳ್ಳೆ ಪರದೆ ಕಟ್ಟಿ, ಕಿಟಕಿಗೆ ಮೆಶ್ ಹಾಕಿಸಿ, ಅದೇ ವಾಸಿ.

ಈಗ ಎಸಿ ಒಳಗಡೆ ಏನಾಗುತ್ತೆ ನೋಡೋಣ, ನಾನು ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ತೊಂದರೆಯ ಮೂಲ ಇಲ್ಲಿದೆ. ಮುಂದಿನ ಫ್ಲಾಪ್ ಎತ್ತಿದ್ರೆ ಪ್ಲಾಸ್ಟಿಕ್ ಚೌಕಟ್ಟಿನ ಜಾಲರಿ ಸಿಗುತ್ತೆ, ಅದು ಫಿಲ್ಟರ್. ಅದು ಹಿಡಿಯೋದು ಕೂದಲು, ಬಟ್ಟೆ ನಾರು, ದಪ್ಪ ಧೂಳು. ಪಿಎಂ 2.5 ಅಂತೀವಲ್ಲ, ಕೂದಲಿನ ದಪ್ಪದಲ್ಲಿ ಇಪ್ಪತ್ತು ಮೂವತ್ತನೇ ಒಂದು ಪಾಲಿರೋ ಕಣ, ಅದು ಈ ಜಾಲರಿಲಿ ಆರಾಮಾಗಿ ದಾಟಿಹೋಗುತ್ತೆ. ಕೆಲವು ಮಾಡೆಲ್‌ಗಳಲ್ಲಿ ಅದಕ್ಕೇ ಅಂತ ಒಂದು ಸಣ್ಣ ಪಟ್ಟಿ ಫಿಲ್ಟರ್ ಕೊಟ್ಟಿರ್ತಾರೆ, ಆದ್ರೆ ರೂಮಿನ ಗಾಳಿ ಪೂರ್ತಿ ಅದರ ಮೂಲಕ ಹೋಗಲ್ಲ, ಮೇಲಾಗಿ ಅದನ್ನ ಕಾಲಕಾಲಕ್ಕೆ ಬದಲಾಯಿಸದೇ ಇದ್ರೆ ಇದ್ದೂ ಇಲ್ಲದ ಹಾಗೆ. ಹಾಗಾಗಿ ಎಸಿ ಇದೆ, ಗಾಳಿ ಶುದ್ಧ ಆಗ್ತಿದೆ ಅಂತ ನಂಬ್ಕೊಂಡು ಕೂರಬೇಡಿ.

ಜಾಲರಿ ಹಿಂದೆ ಅಲ್ಯೂಮಿನಿಯಂ ರೆಕ್ಕೆಗಳಿರೋ ಕಾಯಿಲ್ ಇದೆ. ಅದು ತಣ್ಣಗಿರೋದ್ರಿಂದ ಗಾಳೀಲಿರೋ ತೇವ ಅದರ ಮೇಲೆ ನೀರಾಗಿ ಇಳಿಯುತ್ತೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಸೆಕೆಗಾಲದಲ್ಲಿ ಗಂಟೆಗೆ ಒಂದು ಲೀಟರ್ ಮೇಲೇ ನೀರು ಇಳಿಯೋದುಂಟು. ಈಗ ಯೋಚನೆ ಮಾಡಿ, ಕತ್ತಲು, ಒದ್ದೆ, ಮೇಲೆ ಧೂಳು, ಬೂಸ್ಟು ಬೆಳೆಯೋಕೆ ಇನ್ನೇನು ಬೇಕು. ಕಾಯಿಲ್ ಹಿಂದೆ ಉದ್ದ ರೋಲರ್ ತರದ ಬ್ಲೋಯರ್ ತಿರುಗ್ತಿರುತ್ತೆ, ಅದರ ಎಲೆಗಳ ಮೇಲೆ ಧೂಳು ಬೂಸ್ಟು ಸೇರಿ ಕಪ್ಪಗೆ ಅಂಟಿರುತ್ತೆ, ಆನ್ ಮಾಡಿದ ಮೊದಲ ಎರಡು ನಿಮಿಷ ಒಣಗದ ಸಾಕ್ಸ್ ವಾಸನೆ ಬರುತ್ತಲ್ಲ ಅದು ಇಲ್ಲಿಂದಾನೇ ಬರೋದು. ಅದಕ್ಕೆ ರೂಮ್ ಫ್ರೆಶ್ನರ್ ಹೊಡೆದು ಮುಚ್ಚಿಹಾಕ್ತಾರೆ. ಮನೇಲಿ ಆಸ್ತಮಾ ಇರೋರು, ಬೆಳಗ್ಗೆ ಎದ್ದ ಕೂಡ್ಲೇ ಸಾಲಾಗಿ ಸೀನೋರು ಇದ್ರೆ ಇವತ್ತೇ ಒಂದು ಕೆಲಸ ಮಾಡಿ, ಎಸಿ ಮೇನ್ ಸ್ವಿಚ್ ಆಫ್ ಮಾಡಿ, ಗಾಳಿ ಬರೋ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ. ಕಪ್ಪು ಚುಕ್ಕೆ ಕಂಡ್ರೆ ಜಾಲರಿ ತೊಳೆದ್ರೆ ಸಾಲದು, ಒಳಗಡೆ ತೊಳೆಸಲೇಬೇಕು.

ಜಾಲರಿ ತೊಳೆಯೋದು ಮನೆಯವರೇ ಮಾಡೋ ಕೆಲಸ. ದಿನಾ ಎಸಿ ಹಾಕೋ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ, ಮನೆ ಪಕ್ಕ ಕನ್‌ಸ್ಟ್ರಕ್ಷನ್ ನಡೀತಿದ್ರೆ ವಾರಕ್ಕೊಮ್ಮೆ. ನಲ್ಲಿ ಕೆಳಗೆ ಸಾದಾ ನೀರು ಸಾಕು, ಬಿಸಿನೀರು ಬೇಡ, ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ರೆ ಚೌಕಟ್ಟು ಸೊಟ್ಟ ಆಗಿ ಆಮೇಲೆ ಸಂದೀಲಿ ಧೂಳು ನುಗ್ಗುತ್ತೆ. ಪೂರ್ತಿ ಒಣಗಿದ ಮೇಲೇ ಹಾಕಿ. ಕಾಯಿಲ್, ಬ್ಲೋಯರ್, ಕೆಳಗಿನ ಟ್ರೇ, ಇವನ್ನ ವರ್ಷಕ್ಕೆ ಒಂದು ಸಲ, ಕರಾವಳಿಯವರು ಎರಡು ಸಲ ಮೆಕ್ಯಾನಿಕ್ ಕರೆಸಿ ತೊಳೆಸಬೇಕು. ಜೆಟ್ ಸರ್ವಿಸ್ ಅಂತಾರೆ, ಕವರ್ ಕಟ್ಟಿ ಪಂಪಲ್ಲಿ ನೀರು ಹೊಡೆಯೋದು. ಬರೀ ಬ್ರಶ್ ಆಡಿಸಿ ಸರ್ವಿಸ್ ಆಯ್ತು ಅಂದ್ರೆ ಒಪ್ಪಬೇಡಿ, ಹಾಗೇ ಸ್ಟ್ರಾಂಗ್ ಆಸಿಡ್ ತಂದು ಸುರೀತೀನಿ ಅಂದ್ರೂ ಒಪ್ಪಬೇಡಿ, ಅಲ್ಯೂಮಿನಿಯಂ ರೆಕ್ಕೆ ತಿಂದುಹಾಕುತ್ತೆ. ಇನ್ನು ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು ಅನ್ನೋದು ಸುಳ್ಳು, ಗ್ಯಾಸ್ ಸೀಲ್ ಆಗಿರೋ ಪೈಪೊಳಗೆ ಸುತ್ತುತ್ತೆ, ಖರ್ಚಾಗಲ್ಲ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ, ಲೀಕ್ ಹುಡುಕದೆ ಬರೀ ತುಂಬಿಸಿದ್ರೆ ದುಡ್ಡೂ ಹೋಗುತ್ತೆ ಗ್ಯಾಸೂ ಹೋಗುತ್ತೆ. ಈಗಿನ ಎಸಿಗಳಲ್ಲಿ ಬರೋ ಆರ್ 32, ಆರ್ 290 ಗ್ಯಾಸ್‌ಗಳು ಬೆಂಕಿ ಹತ್ಕೊಳ್ಳೋವು, ಅದರಲ್ಲೂ 290 ಅಂದ್ರೆ ಪ್ರೊಪೇನ್, ಸ್ವಂತ ಕೈ ಹಾಕೋ ಪ್ರಶ್ನೆನೇ ಇಲ್ಲ.

ಡ್ರೈನ್ ಪೈಪ್ ಬಗ್ಗೆ ಒಂದು ಮಾತು. ಅದರೊಳಗೆ ಲೋಳೆ ಕಟ್ಟಿಕೊಂಡು ನೀರು ಗೋಡೆಗೆ ಇಳೀತಾ ಇದ್ರೆ ಪೇಂಟ್ ಉಬ್ಬಿ ಅಲ್ಲೂ ಬೂಸ್ಟು ಬರುತ್ತೆ. ಇದಕ್ಕಿಂತ ಕೆಟ್ಟದ್ದು ಅಂದ್ರೆ ಆ ಪೈಪನ್ನ ನೇರವಾಗಿ ಬಾತ್‌ರೂಮ್ ಚರಂಡಿ ಲೈನಿಗೆ ಸೇರಿಸಿರೋದು, ನೀರು ನಿಲ್ಲೋ ಟ್ರ್ಯಾಪ್ ಇಲ್ಲದೇ ಇದ್ರೆ ಚರಂಡಿ ಗಾಳಿ ಪೈಪಲ್ಲೇ ಹತ್ತಿ ಬಂದು ರೂಮಿಗೆ ಬೀಸುತ್ತೆ. ಎಷ್ಟು ತೊಳೆಸಿದ್ರೂ ವಾಸನೆ ಹೋಗ್ತಿಲ್ಲ ಅನ್ನೋರು ಮೊದಲು ಆ ಪೈಪಿನ ತುದಿ ಎಲ್ಲಿ ಹೋಗಿದೆ ನೋಡಿ.

ಎಸಿ ಆಫ್ ಮಾಡೋ ಮುಂಚೆ ಅರ್ಧ ಗಂಟೆ ಫ್ಯಾನ್ ಮೋಡಲ್ಲಿ ಬಿಟ್ರೆ ಕಾಯಿಲ್ ಒಣಗುತ್ತೆ, ಇದು ಸುಲಭದ ಅಭ್ಯಾಸ, ಬೂಸ್ಟು ಅರ್ಧಕ್ಕರ್ಧ ತಡೆಯುತ್ತೆ ಅಂತ ನನ್ನ ಅನುಭವ. ಟೆಂಪರೇಚರ್ 18ಕ್ಕೆ ಇಟ್ಟು ರಗ್ಗು ಹೊದ್ದು ಮಲಗೋದು ಬೇಡ. 2020ರ ಜನವರಿಯಿಂದ ನಮ್ಮಲ್ಲಿ ಮಾರೋ ಸ್ಟಾರ್ ರೇಟಿಂಗ್ ಎಸಿಗಳು ಆನ್ ಆದಾಗ 24ರಲ್ಲೇ ಶುರುವಾಗಬೇಕು ಅಂತ ನಿಯಮ ಬಂದಿದೆ, ಅದನ್ನ ಅಲ್ಲೇ ಬಿಟ್ಟು ಮೇಲೆ ಫ್ಯಾನ್ ಹಾಕ್ಕೊಳ್ಳಿ. ಕರಾವಳಿಯವರಿಗೆ ಮಳೆಗಾಲದಲ್ಲಿ ಡ್ರೈ ಮೋಡ್, ಅಂದ್ರೆ ಮುಖ್ಯವಾಗಿ ತೇವ ತೆಗೆಯೋ ಸೆಟ್ಟಿಂಗ್, ಬಹಳ ಉಪಯೋಗ, ಬೀರು ಒಳಗೆ ಬಟ್ಟೆಗೆ, ಚಪ್ಪಲಿಗೆ ಬೂಸ್ಟು ಹಿಡಿಯೋ ಊರುಗಳಲ್ಲಿ ತೇವ ನೂರಕ್ಕೆ 60ರ ಒಳಗೆ ಇಟ್ಕೊಂಡ್ರೆ ಅದು ಬೆಳೆಯಲ್ಲ. ಅಂದ ಹಾಗೆ 1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎಸಿ ಮಾಡಿದ್ದೇ ಒಂದು ಪ್ರಿಂಟಿಂಗ್ ಪ್ರೆಸ್ಸಿನ ತೇವ ತೆಗೆಯೋಕೆ, ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಸರಿಯಾಗಿ ಕೂರ್ತಿರ್ಲಿಲ್ಲ.

ಫ್ಯಾನ್ ಅಂದೆ, ಸೀಲಿಂಗ್ ಫ್ಯಾನಿನ ರೆಕ್ಕೆ ಮೇಲೆ ಕೂತಿರೋ ಧೂಳೂ ನಮ್ಮ ಮೂಗಿಗೇ ಬರೋದು. ಹಳೇ ದಿಂಬಿನ ಕವರ್ ರೆಕ್ಕೆಗೆ ಪೂರ್ತಿ ತೊಡಿಸಿ ಒತ್ತಿ ಎಳೆದ್ರೆ ಧೂಳೆಲ್ಲ ಕವರೊಳಗೇ ಉಳಿಯುತ್ತೆ, ಹಾಸಿಗೆ ಮೇಲೆ ಬೀಳಲ್ಲ.

ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಕಡೆ ಕೇಳ್ತಿರೋರಿಗೆ ಕೂಲರ್ ವಿಷಯ. ಒಣ ಬಿಸಿಲಿಗೆ ಕೂಲರ್ ಬಹಳ ಒಳ್ಳೇದು, ಅದು ಎಸಿ ತರ ಅಲ್ಲ, ಹೊರಗಿನ ಹೊಸ ಗಾಳಿನೇ ತಣ್ಣಗೆ ಮಾಡಿ ತರುತ್ತೆ, ಆದ್ರೆ ಕಿಟಕಿಗೆ ಕೂರಿಸಬೇಕು ಮತ್ತೆ ಎದುರು ಬಾಗಿಲು ತೆರೆದಿರಬೇಕು. ರೂಮಿನ ಮಧ್ಯ ಇಟ್ಟು ಬಾಗಿಲು ಹಾಕಿದ್ರೆ ಅರ್ಧ ಗಂಟೇಲಿ ಮೈ ಅಂಟಂಟು, ಗೋಡೆ ತೇವ ಹಿಡಿಯುತ್ತೆ. ಬೋರ್‌ವೆಲ್ ಗಡಸು ನೀರಿಗೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತೆ, ಹುಲ್ಲಿನ ಪ್ಯಾಡ್ ಆದ್ರೆ ಪ್ರತಿ ಬೇಸಿಗೆಗೆ ಹೊಸದು ಹಾಕಿ, ಹನಿಕೋಂಬ್ ಪ್ಯಾಡ್ ಆದ್ರೆ ತೊಳೀತಾ ಇರಿ. ಎಲ್ಲಕ್ಕಿಂತ ಮುಖ್ಯ ತೊಟ್ಟಿ ನೀರು. ಡೆಂಗ್ಯೂ ತರೋ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ವಾರ ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಂದು ದಿನ ಪೂರ್ತಿ ಖಾಲಿ ಮಾಡಿ ಅಂತ ಆರೋಗ್ಯ ಇಲಾಖೆಯವರು ಹೇಳೋದು. ಆದ್ರೆ ಬರೀ ನೀರು ಚೆಲ್ಲಿದ್ರೆ ಆಗಲ್ಲ ಕಣ್ರೀ, ಮೊಟ್ಟೆ ನೀರಿನ ಅಂಚಿನಲ್ಲಿ ಗೋಡೆಗೆ ಅಂಟಿರುತ್ತೆ, ನೀರಿಲ್ಲದೇನೂ ತಿಂಗಳುಗಟ್ಟಲೆ ಬದುಕಿರುತ್ತೆ, ಮುಂದಿನ ಬೇಸಿಗೆಗೆ ನೀರು ಹಾಕಿದ ತಕ್ಷಣ ಮರಿ ಆಗುತ್ತೆ. ಬ್ರಶ್ ತಗೊಂಡು ತೊಟ್ಟಿ ಗೋಡೆ ಉಜ್ಜಿ, ಸೀಸನ್ ಮುಗಿದ ಮೇಲೂ ಉಜ್ಜಿ ಒಣಗಿಸಿ ಎತ್ತಿಡಿ.

ಇನ್ನು ಬಿಸಿ ಮಾಡೋ ಕಡೆಗೆ ಬರೋಣ. ಇಲ್ಲಿವರೆಗೆ ಹೇಳಿದ್ದು ಸೀನು, ಕೆಮ್ಮಿನ ವಿಷಯ, ಈಗ ಹೇಳೋದು ಜೀವದ ವಿಷಯ, ಹಾಗಾಗಿ ಕೆಲಸ ಮಾಡ್ತಾ ಕೇಳ್ತಿರೋರು ಒಂದು ನಿಮಿಷ ಕೈ ನಿಲ್ಲಿಸಿ. ನಮ್ಮ ಊರುಗಳಲ್ಲಿ ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಹಾಕಿಸ್ಕೊಂಡಿರೋ ಮನೆಗಳು ಬೇಕಾದಷ್ಟಿವೆ. ಗ್ಯಾಸ್ ಉರಿಯೋಕೆ ಗಾಳಿ ಬೇಕು, ರೂಮಲ್ಲಿರೋ ಆಮ್ಲಜನಕ ಕಮ್ಮಿ ಆಗ್ತಾ ಬಂದ ಹಾಗೆ ಅದು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತೆ. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರ್ತಾರೆ, ಲೀಕ್ ಆದ್ರೆ ಮೂಗಿಗೆ ಗೊತ್ತಾಗುತ್ತೆ, ಈ ವಿಷಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಕೈಕಾಲಲ್ಲಿ ಶಕ್ತಿ ಹೋಗುತ್ತೆ, ಒಳಗಿರೋರಿಗೆ ಏನೋ ಆಗ್ತಿದೆ ಅಂತ ಗೊತ್ತಾಗೋ ಹೊತ್ತಿಗೆ ಎದ್ದು ಚಿಲಕ ತೆಗೆಯೋಕೂ ಆಗಲ್ಲ. ಸ್ನಾನಕ್ಕೆ ಹೋದೋರು ಬರಲೇ ಇಲ್ಲ ಅನ್ನೋ ಸುದ್ದಿ ಪೇಪರಲ್ಲಿ ಬಂದಾಗೆಲ್ಲ ನನಗೆ ಹೊಟ್ಟೇಲಿ ಸಂಕಟ ಆಗುತ್ತೆ, ಯಾಕಂದ್ರೆ ಇದು ತಪ್ಪಿಸಬಹುದಾದ ಸಾವು.

ಗ್ಯಾಸ್ ಗೀಸರ್ ಬಾತ್‌ರೂಮಿನ ಹೊರಗಿರಬೇಕು, ಗಾಳಿಯಾಡೋ ಯುಟಿಲಿಟೀಲೋ ಹಿತ್ತಲ ಕಡೆ ಗೋಡೆ ಮೇಲೋ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಇದರಲ್ಲಿ ರಾಜಿ ಇಲ್ಲ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಸಾಕು ಅಂತ ಕೆಲವರು ಹೇಳ್ತಾರೆ, ಕಿಟಕಿ ಬಾಗಿಲ ಸಂದಿ ಎಲ್ಲಾ ಮುಚ್ಚಿದ್ರೆ ಫ್ಯಾನ್ ತಿರುಗುತ್ತೆ ಗಾಳಿ ಬದಲಾಗಲ್ಲ, ಒಳಗೆ ಬರೋಕೆ ದಾರಿ ಇದ್ರೆ ತಾನೇ ಹೊರಗೆ ಹೋಗೋದು. ಹೊರಗಿಟ್ಟ ಗೀಸರನ್ನೂ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ, ಬರ್ನರ್ ಮಸಿ ತೆಗೆಸಿ. ಉರಿ ನೀಲಿ ಇರಬೇಕು, ಹಳದಿಗೆ ತಿರುಗಿದ್ರೆ ಸರಿಯಾಗಿ ಉರೀತಿಲ್ಲ ಅಂತ ಅರ್ಥ, ಅವತ್ತಿಂದ ಬಳಸಬೇಡಿ. ಗ್ಯಾಸ್ ಪೈಪನ್ನ ಐದು ವರ್ಷಕ್ಕೆ ಬದಲಾಯಿಸಿ, ಅದರ ಮೇಲೆ ವರ್ಷ ಅಚ್ಚಾಗಿರುತ್ತೆ ನೋಡಿ.

ಇದೇ ಮಾತು ಕೊಡಗು, ಚಿಕ್ಕಮಗಳೂರು ಕಡೆಯವರಿಗೂ. ಚಳೀಲಿ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಬಾಗಿಲು ಮುಚ್ಚಿ ಮಲಗಬೇಡಿ, ಬಾಣಂತಿ ಮಗು ಇರೋ ಕೋಣೇಲಂತೂ ಬೇಡವೇ ಬೇಡ. ಹೊಗೆ ಇಲ್ಲ, ಬರೀ ಕೆಂಡ ತಾನೇ ಅಂತೀರಿ, ಕೆಂಡದಿಂದಲೂ ಅದೇ ವಿಷ ಬರೋದು. ಅಮೆರಿಕ, ಕೆನಡಾದಲ್ಲಿರೋ ನಿಮ್ಮ ಮಕ್ಕಳಿಗೂ ಫೋನಲ್ಲಿ ಕೇಳಿ, ಅಲ್ಲಿ ಮನೆ ಪೂರ್ತಿ ಬಿಸಿ ಮಾಡೋದು ಎಷ್ಟೋ ಕಡೆ ಗ್ಯಾಸ್ ಫರ್ನೇಸ್, ಅದರ ಫಿಲ್ಟರನ್ನ ಒಂದರಿಂದ ಮೂರು ತಿಂಗಳಿಗೆ ಬದಲಾಯಿಸಬೇಕು, ಮತ್ತೆ ಕಾರ್ಬನ್ ಮೊನಾಕ್ಸೈಡ್ ಅಲಾರಂನ ಬ್ಯಾಟರಿ ಸರಿ ಇದ್ಯಾ ಅಂತ. ಆ ಅಲಾರಂ ಇಲ್ಲೂ ಆನ್‌ಲೈನಲ್ಲಿ ಸಿಗುತ್ತೆ, ಗ್ಯಾಸ್ ಗೀಸರ್ ಇರೋ ಮನೇಲಿ ಒಂದು ಇರಲಿ.

ಬಾಡಿಗೆ ಮನೆಯವರು ಗೀಸರ್ ಎಲ್ಲಿದೆ ಅಂತ ಅಡ್ವಾನ್ಸ್ ಕೊಡೋ ಮುಂಚೆಯೇ ನೋಡಿ, ಒಳಗಿದ್ರೆ ಹೊರಗೆ ಹಾಕಿಸ್ಕೊಡಿ ಅಂತ ಓನರ್‌ಗೆ ಕೇಳಿ, ಆಗಲ್ಲ ಅಂದ್ರೆ ಒಂದು ಬಕೆಟ್ ನೀರು ಒಲೆ ಮೇಲೆ ಕಾಸ್ಕೊಳ್ಳಿ, ಆದ್ರೆ ಆ ಗೀಸರ್ ಹಚ್ಚಬೇಡಿ. ಯಾರಾದ್ರೂ ಬಾತ್‌ರೂಮಲ್ಲಿ ಕೂಗಿದ್ರೆ ಓ ಅನ್ನದೇ ಇದ್ರೆ ಕಾಯ್ತಾ ನಿಲ್ಲಬೇಡಿ, ಬಾಗಿಲು ಒಡೀರಿ, ಗ್ಯಾಸ್ ಆಫ್ ಮಾಡಿ, ಅವರನ್ನ ಬಯಲಿಗೆ ಎಳ್ಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ, ಗ್ಯಾಸ್ ಗೀಸರ್ ಇತ್ತು ಅಂತ ಡಾಕ್ಟರಿಗೆ ಮೊದಲೇ ಹೇಳಿ. ನಮಸ್ಕಾರ.