ಲಿಂಕನ್ ಟೋಪಿಯನ್ನು ಕಂಡವರು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಕಾವಲಿನ ಬಗ್ಗೆ ನೂರೆಂಟು ಕತೆಗಳಿವೆ. ಯಾವುದು ಕಿವಿಗೆ ಬಿದ್ದರೂ ದಯವಿಟ್ಟು ಒಂದೇ ಪ್ರಶ್ನೆ ಕೇಳಿ: ಹೇಳಿದವರು ಅಲ್ಲಿದ್ದರಾ?

1861ರ ಫೆಬ್ರವರಿ. ಅಧಿಕಾರ ವಹಿಸಿಕೊಳ್ಳಲು ಲಿಂಕನ್ ರೈಲಿನಲ್ಲಿ ವಾಷಿಂಗ್ಟನ್‌ಗೆ ಹೊರಟಿದ್ದರು. ಬಾಲ್ಟಿಮೋರ್‌ನಲ್ಲಿ ಅವರನ್ನು ಕೊಲ್ಲುವ ಸಂಚಿದೆ ಎಂದು ಪತ್ತೇದಾರ ಅಲನ್ ಪಿಂಕರ್ಟನ್ ಸುದ್ದಿ ತಂದರು. ಹಾಗಾಗಿ ಲಿಂಕನ್ ಯಾರಿಗೂ ತಿಳಿಯದಂತೆ ರಾತ್ರಿ ರೈಲು ಹತ್ತಿ, ಬೆಳಗಿನ ಜಾವ ಬಾಲ್ಟಿಮೋರ್ ದಾಟಿದರು.

ಎರಡೇ ದಿನದಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಲಿಂಕನ್ ಚೌಕಳಿ ಸ್ಕಾಟಿಷ್ ಟೋಪಿ, ಉದ್ದನೆಯ ಮಿಲಿಟರಿ ನಿಲುವಂಗಿ ತೊಟ್ಟು ವೇಷ ಮರೆಸಿಕೊಂಡು ಹೋದರಂತೆ! ವ್ಯಂಗ್ಯಚಿತ್ರಕಾರರಿಗೆ ಹಬ್ಬವೋ ಹಬ್ಬ. ಬರೆದವರು ಜೋಸೆಫ್ ಹೋವರ್ಡ್. ಅವರು ಆ ರೈಲಿನಲ್ಲಿ ಇರಲೇ ಇಲ್ಲ. ಲಿಂಕನ್ ಹಾಕಿದ್ದು ಒಂದು ಮೆತ್ತನೆಯ ಟೋಪಿ, ಮಾಮೂಲಿ ಓವರ್‌ಕೋಟು, ಅಷ್ಟೇ. ಇದೇ ಹೋವರ್ಡ್ 1864ರಲ್ಲಿ ಅಧ್ಯಕ್ಷರ ಹೆಸರಿನಲ್ಲೇ ಸುಳ್ಳು ಘೋಷಣೆ ತಯಾರಿಸಿ ಪತ್ರಿಕೆಗಳಿಗೆ ಹಂಚಿದರು. 4 ಲಕ್ಷ ಜನರನ್ನು ಸೈನ್ಯಕ್ಕೆ ಸೇರಿಸುತ್ತಾರೆ ಅಂತ. ಜನ ಹೆದರಲಿ, ಚಿನ್ನದ ಬೆಲೆ ಏರಲಿ, ತಾನು ಕೊಂಡಿಟ್ಟ ಚಿನ್ನದಿಂದ ಲಾಭ ಬರಲಿ ಎಂಬ ಲೆಕ್ಕ. ಸಿಕ್ಕಿಬಿದ್ದು ಜೈಲಿಗೂ ಹೋದರು. ಅಂಥವರು ಹೊಲಿದ ಟೋಪಿಯನ್ನು ಇವತ್ತಿಗೂ ಲಿಂಕನ್ ತಲೆಗೆ ಇಡುತ್ತೇವಲ್ಲ, ನನಗೆ ಬೇಜಾರಾಗುವುದು ಅಲ್ಲೇ.

ಹಾಗಾದರೆ ಸಂಚು? ವಿಚಾರಣೆ ಯಾರ ಮೇಲೂ ನಡೆಯಲಿಲ್ಲ, ನಿಜ. ಆದರೆ ಪಿಂಕರ್ಟನ್ ಒಬ್ಬರೇ ಹೇಳಿದ್ದಲ್ಲ. ನ್ಯೂಯಾರ್ಕಿನ ಪೊಲೀಸ್ ಪತ್ತೇದಾರರೂ ಬಾಲ್ಟಿಮೋರ್‌ನಲ್ಲಿದ್ದು ಇದೇ ಸುದ್ದಿ ತಂದಿದ್ದರು. ಎರಡೂ ತಂಡಗಳಿಗೆ ಪರಸ್ಪರ ಗೊತ್ತೇ ಇರಲಿಲ್ಲ. ಎರಡನೆಯ ಸುದ್ದಿ, ಲಿಂಕನ್ ಸಂಪುಟದ ವಿದೇಶಾಂಗ ಮಂತ್ರಿಯಾಗಲಿದ್ದ ಸಿವರ್ಡ್ ಅವರ ಮಗನ ಕೈಯಲ್ಲಿ ಬಂದ ಮೇಲೇ ಲಿಂಕನ್ ಮನಸ್ಸು ಬದಲಿಸಿದ್ದು. ಇಬ್ಬರೂ ಅಲ್ಲಿದ್ದವರು. ಅದಕ್ಕೇ ನಾನು ನಂಬುತ್ತೇನೆ.

ಸಮಯ ಮುಗಿಯುತ್ತಾ ಬಂತು, 1865ರ ಏಪ್ರಿಲ್ 14ಕ್ಕೆ ಬರುತ್ತೇನೆ. ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರ್. ನಾಟಕ ನೋಡುತ್ತಿದ್ದ ಲಿಂಕನ್ ಅವರಿಗೆ ಜಾನ್ ವಿಲ್ಕ್ಸ್ ಬೂತ್ ಗುಂಡು ಹೊಡೆದದ್ದು ಇಲ್ಲೇ. ಪೊಲೀಸ್ ಜಾನ್ ಪಾರ್ಕರ್ ಜಾಗ ಬಿಟ್ಟು ಹೋಗಿದ್ದರಿಂದಲೇ ಲಿಂಕನ್ ಸತ್ತರು ಅಂತೀವಿ. ಹಾಗೆ ಜೋರಾಗಿ ಬರೆದವರು ಇನ್ನೊಬ್ಬ ಕಾವಲುಗಾರ ವಿಲಿಯಂ ಕ್ರೂಕ್, ಅದೂ ಹಲವು ದಶಕ ಕಳೆದ ಮೇಲೆ. ಆ ಸಂಜೆ ಅವರು ಪಾಳಿ ಮುಗಿಸಿ ಹೋಗಿದ್ದರು. ಪಾರ್ಕರ್ ಮೇಲಿನ ದೂರು ಅದೇ ವರ್ಷ ವಜಾ ಆಯಿತು. ಆದರೆ ಕ್ಯಾಪ್ಟನ್ ಮೆಕ್‌ಗೋವನ್ ಥಿಯೇಟರಿನಲ್ಲೇ, ಅಧ್ಯಕ್ಷರು ಕೂತಿದ್ದ ಬಾಕ್ಸಿಗೆ ಹೋಗುವ ದಾರಿಯ ಪಕ್ಕದಲ್ಲೇ ಕೂತಿದ್ದರು. ಮುಂದಿನ ತಿಂಗಳೇ ಸಾಕ್ಷಿ ಹೇಳಿದರು: ಆ ಮನುಷ್ಯ, ಅಂದರೆ ಬೂತ್, ಜೇಬಿನಿಂದ ಕೆಲವು ಕಾರ್ಡು ತೆಗೆದ, ಒಂದನ್ನು ಆರಿಸಿ ಅಧ್ಯಕ್ಷರ ಸೇವಕನಿಗೆ ತೋರಿಸಿದ, ಆಮೇಲೆ ಒಳಗೆ ಹೋದ. ಕಾವಲಿನ ಮಾತು ಶುರುವಾಗಬೇಕಾದದ್ದು ಈ ಸಾಕ್ಷಿಯಿಂದ, ಪಾರ್ಕರ್‌ನಿಂದಲ್ಲ. ನಮಸ್ಕಾರ.