ಸೋಗೆಯೋ, ಪ್ಲಾಸ್ಟಿಕ್ ಹುಲ್ಲೋ?

ಕೇಳುಗರಿಗೆ ನಮಸ್ಕಾರ.

ಮೊನ್ನೆ ಸಾಗರದ ಹತ್ತಿರದ ಊರಿನಿಂದ ನನ್ನ ತಮ್ಮನ ಮಗ ಫೋನ್ ಮಾಡಿದ್ದ. "ದೊಡ್ಡಪ್ಪ, ತೋಟದ ಅಂಚಲ್ಲಿ ಹೋಂಸ್ಟೇ ಮಾಡ್ತಾ ಇದ್ದೇನೆ. ಕೂರೋಕೆ ಒಂದು, ಊಟಕ್ಕೆ ಒಂದು, ಎರಡು ಚಪ್ಪರ ಬೇಕು. ಸೋಗೆ ಹೊದಿಸಲಾ, ಪ್ಲಾಸ್ಟಿಕ್ ಹುಲ್ಲು ಹಾಕಿಸಲಾ?" ಅಂದ. ಸೋಗೆ ಅಂದರೆ ಒಣಗಿದ ಅಡಿಕೆ ಗರಿ. ಪ್ಲಾಸ್ಟಿಕ್ ಹುಲ್ಲಿನ ಒಂದು ತುಂಡನ್ನೂ ಕೊರಿಯರ್‌ನಲ್ಲಿ ಕಳಿಸಿದ. ಅದನ್ನು ಎದುರಿಗೆ ಇಟ್ಟುಕೊಂಡೇ ಮಾತಾಡುತ್ತಿದ್ದೇನೆ.

ನಾನು ಬೆಳೆದದ್ದು ಸೋಗೆ ಮನೆಯಲ್ಲಿ. ತೋಟದ ಸೋಗೆ ಒಟ್ಟುಮಾಡಿ, ಒಣಗಿಸಿ, ಮಳೆಗಾಲಕ್ಕೆ ಮುಂಚೆ ಹೊದಿಕೆ. ಇವತ್ತು ನಮ್ಮ ಮನೆ, ನಾಳೆ ಪಕ್ಕದ ಮನೆ, ಎಲ್ಲಾ ಮುಯ್ಯಾಳು. ಸೂರಿನಿಂದ ಶುರುಮಾಡಿ ನೆತ್ತಿಯ ಕಡೆಗೆ, ಒಂದರ ಮೇಲೊಂದು ಸೋಗೆ ಹಾಸಿ, ಅಡಿಕೆ ಮರ ಸೀಳಿದ ದಬ್ಬೆ ಒತ್ತಿ ಕಟ್ಟುತ್ತಿದ್ದರು. ಜೂನ್‌ನ ಮಳೆ ಬಿದ್ದರೂ ಒಳಗೆ ಸದ್ದಿರುತ್ತಿರಲಿಲ್ಲ. ತಗಡಿನ ಕೆಳಗೆ ಮಲಗಿದವರಿಗೆ ಗೊತ್ತು, ಅದೆಷ್ಟು ದೊಡ್ಡ ಸುಖ ಅಂತ.

ಸೋಗೆ ಮಾಡಿನ, ಅಂದರೆ ಚಾವಣಿಯ, ಕೆಲಸ ನೀರನ್ನು ಬೇಗ ಜಾರಿಸಿಬಿಡುವುದು. ಮೇಲಿನ ಪದರ ಮಾತ್ರ ನೆನೆಯುತ್ತದೆ, ಹನಿ ಎಲೆಯಿಂದ ಎಲೆಗೆ ಇಳಿದು ಸೂರಿಗೆ ಬರುತ್ತದೆ. ಅದಕ್ಕೇ ಇಳಿಜಾರು ಕಡಿದಾಗಿರಬೇಕು, 45 ಡಿಗ್ರಿಗಿಂತ ಕಡಿಮೆ ಬೇಡ. ಹಿಂದೊಮ್ಮೆ ನಾನೇ ತೋಟದಲ್ಲಿ ಚಪ್ಪರ ಹಾಕಿಸಿದ್ದೆ. ಮರದ ಖರ್ಚು ಉಳಿಯುತ್ತದೆ ಅಂತ ಇಳಿಜಾರು ತಗ್ಗಿಸಿದೆ. ಮೇಲೆ ಹಲಸಿನ ನೆರಳು ಬೇರೆ, ಮಾಡು ಒಣಗಲೇ ಇಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಸೋಗೆ ಕೊಳೆತು, ಬೆರಳಲ್ಲಿ ಹಿಚುಕಿದರೆ ಗೊಬ್ಬರದ ಹಾಗೆ ಉದುರುತ್ತಿತ್ತು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಹಳೆಯ ಮನೆಗಳಲ್ಲಿ ದಿನವೂ ಒಲೆ ಉರಿಯುತ್ತಿತ್ತು. ಆ ಹೊಗೆ ಸೋಗೆಯ ಸಂದಿಯಲ್ಲಿ ಹಾದು ಹೋಗುತ್ತಿತ್ತು. ಒಳಗೆಲ್ಲ ಮಸಿ ಹಿಡಿದು, ಹುಳದ ಕಾಟ ಕಡಿಮೆ ಇರುತ್ತಿತ್ತು. ಒಲೆಯಿಲ್ಲದ ಚಪ್ಪರಕ್ಕೆ ಆ ಕಾಪು ಇಲ್ಲ. ಹಾಗಾಗಿ, ವರ್ಷ ವರ್ಷ ಹೊದಿಸುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿಯೇ ಸೋಗೆ ಹಾಕಬೇಕು.

ಈಗ ಈ ಪ್ಲಾಸ್ಟಿಕ್ ತುಂಡು. ನೋಡೋಕೆ ಚೆನ್ನಾಗಿದೆ. ಪಾಲಿಥೀನ್ ಎಲೆಗಳನ್ನು ಒಂದು ಪಟ್ಟಿಗೆ ಸೇರಿಸಿ, ಬಣ್ಣವನ್ನು ಅಲ್ಲಲ್ಲಿ ಹೆಚ್ಚು ಕಡಿಮೆ ಮಾಡಿ, ಒಣಹುಲ್ಲಿನ ಹಾಗೇ ಮಾಡಿದ್ದಾರೆ. ಒರಲೆ ಹಿಡಿಯುವುದಿಲ್ಲ, ಕೊಳೆಯುವುದಿಲ್ಲ, ಪ್ರತಿ ವರ್ಷ ಆಳು ಹುಡುಕಬೇಕಾಗಿಲ್ಲ. ಆದರೆ ಇದರ ಕೆಳಗೆ ಸಾಮಾನ್ಯವಾಗಿ ಹಲಗೆಯೋ ತಗಡೋ ಹಾಕಿ, ನೀರು ಇಳಿಯದ ಪದರ ಕೊಡಬೇಕು. ಮಲೆನಾಡಿನ ಮಳೆ ತಡೆಯುವುದು ಆ ಪದರವೇ. ಅಂದರೆ ಎರಡು ಮಾಡಿನ ಖರ್ಚು. ತಂಪೂ ಅಷ್ಟಕ್ಕಷ್ಟೇ. ದಪ್ಪ ಸೋಗೆಯ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ತೆಳ್ಳಗಿನ ಪ್ಲಾಸ್ಟಿಕ್‌ಗೆ ಆ ದಪ್ಪ ಎಲ್ಲಿಂದ ಬರಬೇಕು?

ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಪುಡಿಯಾಗುತ್ತದೆ. ಅದನ್ನು ತಡೆಯುವ ಮದ್ದು ಬೆರೆಸಿದ್ದಾರಾ, ಎಷ್ಟು ವರ್ಷದ ಗ್ಯಾರಂಟಿ, ಬರೆದು ಕೊಡಿ ಅಂತ ಕೇಳಲೇಬೇಕು. ಹಳೆಯ ಸೋಗೆ ಅಡಿಕೆ ಮರದ ಬುಡಕ್ಕೆ ಹೋಗಿ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಪುಡಿ ಅದೇ ತೋಟದ ಮಣ್ಣಲ್ಲಿ ಹಾಗೇ ಉಳಿಯುತ್ತದೆ. ನನಗೆ ಅದನ್ನು ನೆನೆದರೇ ಸಂಕಟವಾಗುತ್ತದೆ.

ಇನ್ನು ಬೆಂಕಿ. ಹೊಗೆ ಕೊಟ್ಟು ಸೋಗೆಯನ್ನು ಕಾಪಾಡಿದ ಒಲೆಯೇ ಕಿಡಿಯನ್ನೂ ಹಾರಿಸುತ್ತದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಯ ಬೆಂಕಿ ಗರಿಯ ಮಾಡಿಗೆ ಹತ್ತಿತು. 94 ಮಕ್ಕಳು ತೀರಿಹೋದರು. ಸೋಗೆಯ ಮೇಲೆ ನನಗೆ ಎಷ್ಟೇ ಪ್ರೀತಿ ಇರಲಿ, ಒಲೆ ಉರಿಯುವ ಕಡೆ, ಜನ ಜಾಸ್ತಿ ಸೇರುವ ಕಡೆ ಅದು ಬೇಡ. ಹಾಗಂತ ಪ್ಲಾಸ್ಟಿಕ್ ಆದರೆ ಭಯವಿಲ್ಲ ಅಂದುಕೊಳ್ಳಬೇಡಿ. ಅಂಗಳದಲ್ಲಿ ನಿಂತು, ಈ ತುಂಡನ್ನು ಇಕ್ಕಳದಲ್ಲಿ ಹಿಡಿದು ತುದಿಗೆ ಬೆಂಕಿಕಡ್ಡಿ ತಾಗಿಸಿದೆ. ಎಲೆ ಸುರುಟಿಕೊಂಡು ಕರಗಿತು, ಉರಿಯುವ ಹನಿ ತೊಟ್ಟಿಕ್ಕಿತು. ಆ ಹನಿ ಮಗುವಿನ ಮೈಮೇಲೆ ಬಿದ್ದರೆ? ಬೆಂಕಿ ಬೇಗ ಹರಡದ ಹಾಗೆ ತಯಾರಿಸಿದ ಪ್ಲಾಸ್ಟಿಕ್ ಹುಲ್ಲೂ ಸಿಗುತ್ತದೆ. ಪರೀಕ್ಷೆ ಮಾಡಿಸಿದ ಪತ್ರ ನೋಡದೆ ಕೊಳ್ಳಬೇಡಿ.

ಹುಡುಗನಿಗೆ ಹೇಳಿದೆ, "ಊಟದ ಚಪ್ಪರಕ್ಕೆ ಹಂಚು ಹಾಕು. ಕೂರೋ ಚಪ್ಪರ ಚಿಕ್ಕದು, ಅಡುಗೆಮನೆಯಿಂದ ದೂರ ಇದೆ, ಬಿಸಿಲೂ ಬೀಳುತ್ತದೆ. ಸೋಗೆ ನಿನ್ನ ತೋಟದಲ್ಲೇ ಇದೆಯಲ್ಲ, ಅದನ್ನೇ ಹೊದಿಸು. ಬೀಡಿ, ಸಿಗರೇಟು ಮಾತ್ರ ಅಲ್ಲಿ ಬೇಡವೇ ಬೇಡ."

"ಹೊದಿಸೋರು ಎಲ್ಲಿದ್ದಾರೆ ದೊಡ್ಡಪ್ಪ?" ಅಂದ.

ಅದೂ ನಿಜವೇ. ಅವರ ಊರಲ್ಲಿ ಈ ಕೆಲಸ ಬಲ್ಲವರು ಈಗ ಒಬ್ಬರೇ, ಎಪ್ಪತ್ತು ದಾಟಿದವರು. ಮಾಡು ಹತ್ತೋಕೆ ಆಗೋದಿಲ್ಲ, ಕೆಳಗೆ ಕೂತು ಹೇಳಿಕೊಡುತ್ತೇನೆ ಅಂದಿದ್ದಾರಂತೆ. ಮೇಲೆ ಹತ್ತೋಕೆ ಇಬ್ಬರು ಹುಡುಗರು ಒಪ್ಪಿದ್ದಾರೆ. ಬರುವ ಮೇ ತಿಂಗಳಲ್ಲಿ ನಾನೂ ಹೋಗುತ್ತೇನೆ. ದಬ್ಬೆ ಸೀಳುವುದು ನನಗಿನ್ನೂ ಮರೆತಿಲ್ಲ.

ನಮಸ್ಕಾರ.